ದಾದಾರ ಕ್ಯಾಸೆಟ್ಟಿನ ಬಿ ಸೈಡು

ಹೋದ ನವೆಂಬರ್‌ನಲ್ಲಿ ನಮ್ಮ ಕಾಲೇಜಿನ ರಾಜ್ಯೋತ್ಸವಕ್ಕೆ 'ನಿತ್ಯೋತ್ಸವ' ಹಾಡುವ ಗುಂಪಿನಲ್ಲಿ ನಾನೂ ಇದ್ದೆ. ಮೊದಲ ದಿನದ ಪ್ರಾಕ್ಟೀಸ್ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೊಬೈಲ್‌ನಲ್ಲಿ ಮ್ಯೂಸಿಕ್ ಹಾಕಿದರೆ ಎಲ್ಲರೂ ಒಂದು ಕಡೆ, ನಾನೊಬ್ಬನೇ ಇನ್ನೊಂದು ಕಡೆ. ಅವರು ಸಾಲು ಮುಗಿಸಿದಾಗ ನಾನಿನ್ನೂ ಅರ್ಧದಲ್ಲಿ, ಅದೂ ಅವರಿಗಿಂತ ತಗ್ಗಿದ ಶ್ರುತಿಯಲ್ಲಿ. ಕನ್ನಡ ಮೇಡಂ ನಿಲ್ಲಿಸಿ, "ಇದನ್ನ ಯಾರ ಹತ್ರ ಕಲಿತೆಯಪ್ಪಾ ನೀನು?" ಅಂದರು. "ಟೇಪಲ್ಲಿ ಮೇಡಂ" ಅಂದೆ. ಎಲ್ಲರೂ ನಕ್ಕರು.

ಆ ಟೇಪಿನ ವಿಷಯ ಬರೆಯೋಣ ಅಂತ ಆಗಲೇ ಅಂದುಕೊಂಡೆ. ಅದರಲ್ಲಿರುವ ಹಾಡುಗಳನ್ನು ನೀವು ಕೇಳಿರಲಾರಿರಿ. ಕೇಳಬೇಕು ಅನ್ನುವುದು ನನ್ನ ಆಸೆ. ಜೊತೆಗೆ ನಾನು ಒಪ್ಪಿಕೊಳ್ಳಬೇಕಾದ ಒಂದು ತಪ್ಪೂ ಅದರಲ್ಲಿದೆ.

ನಮ್ಮ ಮನೆ ಮುದ್ದೇನಹಳ್ಳಿಯಲ್ಲಿ. ವಿಶ್ವೇಶ್ವರಯ್ಯನವರ ಮನೆ ನೋಡಲು ಬಂದವರು ದಾರಿ ಕೇಳಿದರೆ ನಮ್ಮ ದಾದಾ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಹೇಳುತ್ತಾರೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ನಮ್ಮ ಕಡೆ ಎಲ್ಲರ ಕಥೆಯೂ ಅದೇ. ದಾದಾ ಮಾತ್ರ ಕನ್ನಡ ಓದಲು ಕಲಿತದ್ದು ಸ್ಕೂಲಲ್ಲಿ ಅಲ್ಲ. ಅವರು ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿಗೆ ಹಾಕುವ ವ್ಯಾನ್ ಓಡಿಸುತ್ತಿದ್ದರು. ಬಸ್ಸಿನ ಬೋರ್ಡು, ಮಾರ್ಕೆಟ್ಟಿನ ಚೀಟಿ, ಅಂಗಡಿ ಹೆಸರು, ಇವೇ ಅವರ ಪಾಠಪುಸ್ತಕ.

ಎಂಬತ್ತರ ದಶಕದಲ್ಲಿ ಸೌದಿಯಿಂದ ಬಂದ ನೆಂಟರೊಬ್ಬರಿಂದ ದಾದಾ ಒಂದು ಟೂ-ಇನ್-ಒನ್ ಕೊಂಡರು. ರೇಡಿಯೋ ಮತ್ತು ಟೇಪ್ ಎರಡೂ ಇರುವುದು. ಆಗ ಪೇಟೆಗಳಲ್ಲಿ ರೆಕಾರ್ಡಿಂಗ್ ಅಂಗಡಿಗಳಿದ್ದವಂತೆ. ಬೇಕಾದ ಹಾಡುಗಳ ಪಟ್ಟಿ ಕೊಟ್ಟು ಬಂದರೆ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. (ಅದು ಕಾಪಿರೈಟ್ ಕಾನೂನಿಗೆ ವಿರುದ್ಧ ಅಂತ ಈಗ ನನಗೆ ಗೊತ್ತು. ದಾದಾರಿಗೆ ಹೇಳಿದೆ. "ಆಗ ಪೊಲೀಸಪ್ಪನೂ ಅಲ್ಲೇ ತುಂಬಿಸ್ಕೋತಿದ್ದ" ಅಂದರು.) ದಾದಾ ಚಿಕ್ಕಬಳ್ಳಾಪುರದಲ್ಲಿ ತುಂಬಿಸಿದ್ದು ತೊಂಬತ್ತು ನಿಮಿಷದ ಒಂದು ಕ್ಯಾಸೆಟ್, ಒಂದೊಂದು ಬದಿಗೆ ನಲವತ್ತೈದು ನಿಮಿಷ. ಒಳಗಿನ ಕಾರ್ಡಿನ ಮೇಲೆ ಹಾಡುಗಳ ಹೆಸರನ್ನು ಅವರೇ ನೀಲಿ ಪೆನ್ನಲ್ಲಿ ಬರೆದಿದ್ದಾರೆ. ಹಂಸಗೀತೆ ಅಲ್ಲಿ 'ಅಂಸಗೀತೆ' ಆಗಿದೆ. ಕಾಕನ ಕೋಟೆಯ ದೀರ್ಘ ಬಿಟ್ಟುಹೋಗಿ 'ಕಾಕನ ಕೊಟೆ' ಆಗಿದೆ.

ಈಗ ನನ್ನ ತಪ್ಪು. ಕ್ಯಾಸೆಟ್ ನೋಡಿದವರಿಗೆ ಗೊತ್ತು, ಅದರ ಬೆನ್ನಿನ ಮೇಲೆ ಎರಡು ತುದಿಗೂ ಪುಟ್ಟ ಪ್ಲಾಸ್ಟಿಕ್ ಕಿವಿಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಕೆಂಪು ಗುಂಡಿ ಒತ್ತಲು ಬರುವುದಿಲ್ಲ, ಅಂದರೆ ಅದರ ಮೇಲೆ ಬೇರೆ ಏನನ್ನೂ ರೆಕಾರ್ಡ್ ಮಾಡಲಾಗದು. ದಾದಾ ಎರಡು ಕಿವಿಯನ್ನೂ ಮುರಿದು ಕ್ಯಾಸೆಟ್ ಭದ್ರ ಮಾಡಿದ್ದರು. ಆದರೆ ಆ ತೂತಿನ ಮೇಲೆ ಏನಾದರೂ ಅಂಟಿಸಿದರೆ ಮಿಷನ್ ಮೋಸಹೋಗುತ್ತದೆ. ಏಳು ವರ್ಷದವನಾಗಿದ್ದಾಗ ನಾನು ನೋಟ್‌ಬುಕ್ಕಿನ ಲೇಬಲ್ ಹರಿದು ಅಂಟಿಸಿದೆ. ನನಗೆ ಕ್ರಿಕೆಟ್ ಕಾಮೆಂಟರಿ ಹೇಳುವ ಹುಚ್ಚು. ಬಿ ಸೈಡಿನ ಮೇಲೆ ಇಪ್ಪತ್ತು ನಿಮಿಷ ಕಿರುಚಿದೆ. ಟೇಪಿನಲ್ಲಿ ರೆಕಾರ್ಡ್ ಮಾಡುವ ತಲೆಗೆ ಮೊದಲು ಅಳಿಸುವ ತಲೆ ಇರುತ್ತದೆ, ಹಳೆಯದನ್ನು ಒರೆಸಿಯೇ ಹೊಸದನ್ನು ಬರೆಯುತ್ತದೆ. ಇದು ನನಗೆ ತಿಳಿದದ್ದು ಹತ್ತನೇ ಕ್ಲಾಸಿನಲ್ಲಿ. ಯಾರಿಗೂ ಹೇಳಲಿಲ್ಲ. ಲೇಬಲ್ ಕಿತ್ತು ಕ್ಯಾಸೆಟ್ಟನ್ನು ಡಬ್ಬಿಯಲ್ಲಿಟ್ಟೆ.

ಎ ಸೈಡು ಉಳಿಯಿತು. ಅದರಲ್ಲಿರುವುದು ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳು. ಅವರು ಹುಟ್ಟಿದ್ದು 1936ರಲ್ಲಿ, ನಾವು ಬೆಂಗಳೂರಿಗೆ ಹೋಗುವಾಗ ದಾಟುವ ದೇವನಹಳ್ಳಿಯಲ್ಲಿ. ಓದಿದ್ದು ಭೂವಿಜ್ಞಾನ, ಕಾಲೇಜಿನಲ್ಲಿ ಹೇಳಿಕೊಟ್ಟದ್ದೂ ಅದನ್ನೇ. ನಂದಿಬೆಟ್ಟದ ಬುಡದಲ್ಲಿ ಹುಟ್ಟಿದ ದಾದಾರಿಗೆ ಇದು ಬಹಳ ಇಷ್ಟ: "ಕಲ್ಲಿನ ಮೇಷ್ಟ್ರು ಹಾಡು ಬರೆದ್ರು." 1978ರಲ್ಲಿ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ ಬಂದ 'ನಿತ್ಯೋತ್ಸವ' ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಎಂದೇ ಹೆಸರಾಗಿದೆ. ಬೆಳಗಿನ ಪ್ರಾರ್ಥನೆಯಲ್ಲಿ ನಾವು ಹಾಡುವ ನಾಡಗೀತೆಯ ಧಾಟಿಯೂ ಅನಂತಸ್ವಾಮಿಯವರದೇ. 2022ರಲ್ಲಿ ಸರ್ಕಾರ ಅದನ್ನೇ ಅಧಿಕೃತ ಮಾಡಿ ಎರಡೂವರೆ ನಿಮಿಷಕ್ಕೆ ನಿಗದಿ ಮಾಡಿತು.

ನಾವೆಲ್ಲ ನಿಸಾರ್ ಅವರನ್ನು ಒಂದೇ ಹಾಡಿಗೆ ಕಟ್ಟಿಹಾಕಿದ್ದೇವೆ ಎಂಬುದು ನನ್ನ ದೂರು. ನವೆಂಬರ್ ಬಂದರೆ ಜೋಗ, ತುಂಗೆ, ಚಪ್ಪಾಳೆ. 'ಮತ್ತದೇ ಬೇಸರ' ಕೇಳಿದವರು ಎಷ್ಟು ಜನ? ಅದರಲ್ಲಿ ನಾಡೂ ಇಲ್ಲ, ಬಾವುಟವೂ ಇಲ್ಲ. ಸಂಜೆಯಾಗಿದೆ, ಒಬ್ಬರೇ ಇದ್ದಾರೆ, ಅಷ್ಟೇ. ಪರೀಕ್ಷೆಗೆ ಮುಂಚಿನ ಭಾನುವಾರ ಸಂಜೆ ಒಮ್ಮೆ ಹಾಕಿ ನೋಡಿ. 'ಬೆಣ್ಣೆ ಕದ್ದ ನಮ್ಮ ಕೃಷ್ಣ' ಬರೆದವರೂ ಇವರೇ ಎಂದರೆ ನನ್ನ ಪಕ್ಕದ ಬೆಂಚಿನ ಗೆಳೆಯ ನಂಬಲಿಲ್ಲ, ಮೊಬೈಲ್ ತೆಗೆದು ಹುಡುಕಿ ನೋಡಿದ. 'ಕುರಿಗಳು ಸಾರ್ ಕುರಿಗಳು' ಕೇಳಿದರೆ ನಗು ಬರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ನಮ್ಮನ್ನೇ ಬೈದದ್ದು ಅಂತ ಗೊತ್ತಾಗುತ್ತದೆ. 2020ರ ಮೇ 3ರಂದು, ಲಾಕ್‌ಡೌನ್ ನಡುವೆ, ಅವರು ತೀರಿಕೊಂಡ ಸುದ್ದಿ ಬಂದಾಗ ದಾದಾ ಎ ಸೈಡನ್ನು ಪೂರ್ತಿ ಹಾಕಿ ಕೇಳಿದರು. ಮುಗಿದ ಮೇಲೆ ಕ್ಯಾಸೆಟ್ ತಿರುಗಿಸಿ ಹಾಕಲಿಲ್ಲ.

ಅದು ನನ್ನನ್ನು ಚುಚ್ಚಿತು. ಬಿ ಸೈಡಿನಲ್ಲಿ ಇದ್ದದ್ದೇನು ಎಂದು ಹುಡುಕಲು ಕುಳಿತೆ. ಕಾರ್ಡಿನ ಮೇಲಿನ ಹೆಸರುಗಳನ್ನು ಒಂದೊಂದಾಗಿ ಮೊಬೈಲಿನಲ್ಲಿ ಹಾಕಿದೆ. ಎಲ್ಲವೂ ಎಪ್ಪತ್ತರ ದಶಕದ ಸಿನಿಮಾಗಳು. ಆದರೆ ನಾಗರಹಾವು, ಗಂಧದ ಗುಡಿಯಂತೆ ಎಲ್ಲರ ಬಾಯಲ್ಲೂ ಇರುವವಲ್ಲ.

ಮೊದಲನೆಯದು 'ಪರಸಂಗದ ಗೆಂಡೆತಿಮ್ಮ', 1978. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ರಾಜನ್-ನಾಗೇಂದ್ರ ಸಂಗೀತ, ಲೋಕೇಶ್ ನಾಯಕ. ದೊಡ್ಡರಂಗೇಗೌಡರ ಹಾಡುಗಳಲ್ಲಿರುವುದು ಪುಸ್ತಕದ ಕನ್ನಡವಲ್ಲ, ಹಳ್ಳಿಯ ಕನ್ನಡ. 'ತೇರ ಏರಿ' ಎಂಬ ಹಾಡನ್ನು ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ್ದಾರೆ. ಬೆಳಗಿನ ಜಾವ ಹೊಲದ ದಾರಿಯಲ್ಲಿ ನಡೆದು ಹೋಗುವವನ ಹಾಡು, ಕೇಳುತ್ತಿದ್ದರೆ ಕಾಲು ತಾನಾಗಿ ನಡಿಗೆಗೆ ಬೀಳುತ್ತದೆ. ಗೆಂಡೆತಿಮ್ಮ ಊರೂರು ಸುತ್ತಿ ಪೇಟೆಯ ಸಾಮಾನು ಮಾರುವವನು. ಪೇಟೆಯ ಆಸೆಯೇ ಕೊನೆಗೆ ಅವನ ಸಂಸಾರವನ್ನು ತಿನ್ನುತ್ತದೆ. ನಮ್ಮ ದಾದಾರ ಅಬ್ಬಾ ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ನಂದಿ, ಮಂಡಿಕಲ್ಲು, ಪೆರೇಸಂದ್ರದ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದರಂತೆ. ದುಡ್ಡಿಗೆ ಬದಲು ಎಷ್ಟೋ ಮನೆಗಳಲ್ಲಿ ರಾಗಿ ಕೊಡುತ್ತಿದ್ದರಂತೆ. ಈ ಸಿನಿಮಾವನ್ನು ದಾದಾ ಮೂರು ಸಲ ಯಾಕೆ ನೋಡಿದರು ಎಂದು ಹಾಡು ಸಿಕ್ಕಿದ ಮೇಲೆ ಗೊತ್ತಾಯಿತು. ಇಡೀ ಪಟ್ಟಿಯಲ್ಲಿ ಒಂದನ್ನೇ ಕೇಳುವಷ್ಟು ಸಮಯ ನಿಮಗಿದ್ದರೆ ಇದನ್ನೇ ಕೇಳಿ.

ಅದರ ಪಕ್ಕದಲ್ಲೇ 'ಕಾಕನ ಕೋಟೆ', 1977. ಮಾಸ್ತಿಯವರ ನಾಟಕವನ್ನು ಸಿ.ಆರ್. ಸಿಂಹ ಸಿನಿಮಾ ಮಾಡಿದರು. ಸಿ. ಅಶ್ವಥ್ ಸಂಗೀತ ಕೊಟ್ಟ ಮೊದಲ ಚಿತ್ರ. ಅಶ್ವಥ್ ಅಂದರೆ ನಮಗೆ ಶಿಶುನಾಳ ಷರೀಫರ ಪದಗಳು, ಮೈದಾನ ತುಂಬಿದ ಜನ. ಆಗ ಅವರು ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 'ನೇಸರ ನೋಡು' ಕೇಳಿ: ಕಾಡು ಕುರುಬರ ಹಾಡಿಯಲ್ಲಿ ಬೆಳಕು ಹರಿಯುತ್ತಿದೆ, ಗುಂಪಾಗಿ ಹಾಡುತ್ತಿದ್ದಾರೆ. ಸ್ಟುಡಿಯೋದಲ್ಲಿ ಹಾಡಿದ್ದು ಅನ್ನಿಸುವುದೇ ಇಲ್ಲ. ಗೆಂಡೆತಿಮ್ಮನ ಹಾಡಿನಲ್ಲೂ ಸೂರ್ಯ, ಇಲ್ಲೂ ಸೂರ್ಯ. ದಾದಾ ಬೇಕಂತಲೇ ಜೊತೆಗಿಟ್ಟರೋ ಅಂಗಡಿಯವನು ಇಟ್ಟನೋ! ರೇಷ್ಮೆಗೂಡಿನ ವ್ಯಾನ್ ಹೊರಡುತ್ತಿದ್ದದ್ದು ಬೆಳಗಿನ ನಾಲ್ಕಕ್ಕೆ, ನನಗೆ ಗೊತ್ತಿರುವುದು ಅಷ್ಟೇ.

'ಕಾಡುಕುದುರೆ'ಯ ಹಾಡಿನ ಬಗ್ಗೆ ಒಂದು ಜಗಳವೇ ಆಯಿತು. ನಮ್ಮ ಚಾಚಾರ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಎಪ್ಪತ್ತರ ದಶಕ ಅಂದರೆ ಅಮೆರಿಕದ ರಾಕ್ ಮತ್ತು ಕಂಟ್ರಿ ಸಂಗೀತ ಎನ್ನುವುದು ಅವನ ವಾದ. ಜೀನ್ ಕ್ಲಾರ್ಕ್ ಎಂಬ ಗಾಯಕನ 'ನೋ ಅದರ್' ಎಂಬ ಆಲ್ಬಂ ಕೇಳಿಸಿದ. 1974ರಲ್ಲಿ ಬಂದಾಗ ಯಾರೂ ಕೊಳ್ಳಲಿಲ್ಲವಂತೆ, ಈಗ ಅದನ್ನು ಹೊಗಳುವವರೇ ಎಲ್ಲ. ಚೆನ್ನಾಗಿದೆ, ಇಲ್ಲ ಅನ್ನಲಾರೆ. ಆಮೇಲೆ ನಾನು ಶಿವಮೊಗ್ಗ ಸುಬ್ಬಣ್ಣ ಹಾಡಿದ ಕಾಡುಕುದುರೆ ಹಾಕಿದೆ. ಚಂದ್ರಶೇಖರ ಕಂಬಾರರ ಪದ, ಅವರೇ ನಿರ್ದೇಶಿಸಿದ ಸಿನಿಮಾ. ಸುಬ್ಬಣ್ಣ ಓದಿದ್ದು ವಕೀಲಿಕೆ. ಈ ಒಂದು ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು. ಭಾಯ್ ಕಿವಿಯಿಂದ ಇಯರ್‌ಫೋನ್ ತೆಗೆಯಲಿಲ್ಲ, ಎರಡನೇ ಸಲ ಹಾಕು ಅಂದ. ಗಂಟಲು ಬಿಚ್ಚಿ ಹಾಡುವುದು ಅಂದರೆ ಅದು. ಬೆಟ್ಟದ ಈಚೆ ನಿಂತು ಕೂಗಿದರೆ ಆಚೆಯ ಊರಿಗೆ ಕೇಳಬೇಕು ಹಾಗೆ.

'ಹಂಸಗೀತೆ' (1975) ಪಟ್ಟಿಯಲ್ಲಿದೆ. ತ.ರಾ.ಸು. ಕಾದಂಬರಿ, ಜಿ.ವಿ. ಅಯ್ಯರ್ ಚಿತ್ರ, ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಗಾಯನ. ಅದು ಶಾಸ್ತ್ರೀಯ. ನನಗಿನ್ನೂ ಹಿಡಿತಕ್ಕೆ ಬಂದಿಲ್ಲ, ಆದ್ದರಿಂದ ಕೇಳಿ ಅಂತ ಒತ್ತಾಯ ಮಾಡುವುದಿಲ್ಲ.

ಎಲ್ಲ ಸಿಕ್ಕ ಮೇಲೆ ಒಂದು ಸಂಜೆ, ಮಗ್ರಿಬ್ ನಮಾಜು ಮುಗಿಸಿ ದಾದಾ ಜಗಲಿಯ ಮೇಲೆ ಕುಳಿತಿದ್ದಾಗ ಮೊಬೈಲನ್ನು ಅವರ ಬಲಗಿವಿಯ ಹತ್ತಿರ ಹಿಡಿದೆ. ಎಡಗಿವಿ ಈಗ ಕೇಳಿಸುವುದಿಲ್ಲ. ಗೆಂಡೆತಿಮ್ಮನ ಹಾಡು ಹಾಕಿದೆ. ಅರ್ಧ ನಿಮಿಷ ಸುಮ್ಮನಿದ್ದರು. ಆಮೇಲೆ ಹುಬ್ಬು ಗಂಟಿಕ್ಕಿ, "ಇದ್ಯಾಕೆ ಹಿಂಗೆ ಓಡ್ತದೆ? ಯಾರೋ ಅಟ್ಟಿಸ್ಕೊಂಡು ಬಂದಂಗೆ" ಅಂದರು.

ಆಗ ತಿಳಿಯಿತು. ನಮ್ಮ ಟೂ-ಇನ್-ಒನ್ನಿನ ಒಳಗಿನ ರಬ್ಬರ್ ಬೆಲ್ಟ್ ಎಷ್ಟೋ ವರ್ಷಗಳ ಹಿಂದೆಯೇ ಸಡಿಲಾಗಿದೆ. ಮೋಟಾರು ತಿರುಗಿದಷ್ಟು ಟೇಪು ತಿರುಗುವುದಿಲ್ಲ, ಹಾಡು ನಿಧಾನವಾಗುತ್ತದೆ, ದನಿ ತಗ್ಗುತ್ತದೆ. ನಾನು ಹುಟ್ಟಿದಾಗಿನಿಂದ ಕೇಳಿದ್ದು ಆ ನಿಧಾನದ 'ನಿತ್ಯೋತ್ಸವ'ವನ್ನು. ದಾದಾ ಸ್ನಾನಕ್ಕೆ ಹೋಗುವಾಗ ಗುನುಗುವುದೂ ಅದೇ ಶ್ರುತಿಯಲ್ಲಿ. ಪ್ರಾಕ್ಟೀಸಿನಲ್ಲಿ ನೀವು ನಕ್ಕದ್ದು ನನ್ನ ಗಂಟಲಿಗಲ್ಲ, ಒಂದು ರಬ್ಬರ್ ಬೆಲ್ಟಿಗೆ!

ಇದನ್ನು ಹೇಳುವಾಗ ಉಳಿದದ್ದನ್ನೂ ಹೇಳಿಬಿಟ್ಟೆ. ಲೇಬಲ್ ಅಂಟಿಸಿದ್ದು, ಅಳಿಸಿದ್ದು. ಬೈಗುಳಕ್ಕೆ ಕಾದು ನಿಂತಿದ್ದೆ.

"ಗೊತ್ತು" ಅಂದರು ದಾದಾ. "ಆ ವಾರದಲ್ಲೇ ಹಾಕಿದ್ದೆ. ತಾಯತದಂಗೆ ಕಾಪಾಡಿದ್ದೆನಲ್ಲ, ಸಿಟ್ಟು ತಲೆಗೇರಿತ್ತು. ಬಾರಿಸೋಣ ಅಂತಲೇ ಎದ್ದೆ. ನಿಮ್ಮ ದಾದಿಮಾ ಅಡ್ಡ ಬಂದಳು."

ಡಬ್ಬಿ ತರಿಸಿದರು. ಬಿ ಸೈಡು ಹಾಕಿಸಿದರು. ಬೆಲ್ಟಿನ ದೆಸೆಯಿಂದ ನನ್ನ ಏಳು ವರ್ಷದ ದನಿ ದೊಡ್ಡ ಗಂಡಸಿನ ದನಿಯಂತೆ ಎಳೆದಾಡುತ್ತಿತ್ತು, ಕೊಹ್ಲಿ ನಿದ್ದೆಯಲ್ಲಿ ಸಿಕ್ಸರ್ ಹೊಡೆಯುತ್ತಿದ್ದ. ನಾವಿಬ್ಬರೂ ನಕ್ಕೆವು. ಹನ್ನೆರಡನೇ ನಿಮಿಷಕ್ಕೋ ಏನೋ, ದೂರದಲ್ಲಿ ಅಡುಗೆಮನೆಯಿಂದ ಒಂದು ಹೆಂಗಸಿನ ದನಿ, ಹಾಲು ಆರುತ್ತೆ ಬಾ ಅಂತ ಉರ್ದುವಿನಲ್ಲಿ ಕರೆಯುತ್ತದೆ. ಎರಡು ಸಲ. ದಾದಿಮಾ ಹೋಗಿ ನಾಲ್ಕು ವರ್ಷವಾಯಿತು. ಅವರ ಒಂದೆರಡು ಫೋಟೋ ಇವೆ, ವೀಡಿಯೋ ಇಲ್ಲ. ದಾದಾ ನಿಲ್ಲಿಸುವ ಗುಂಡಿಯನ್ನು ಅವರೇ ಒತ್ತಿದರು.

ಅಳಿಸಿದ ಹಾಡುಗಳನ್ನು ಮತ್ತೆ ಅದೇ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತೇನೆ ಎಂದು ನಾನು ಯೋಚನೆ ಮಾಡಿದ್ದೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ದಾದಾರೇ, "ಹಾಡು ಮೊಬೈಲಲ್ಲೇ ಇರಲಿ, ಸ್ವಲ್ಪ ನಿಧಾನ ಮಾಡೋಕೆ ಬರುತ್ತಾ ನೋಡು" ಅಂದರು. ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವೇಗ 0.9ಕ್ಕೆ ಇಟ್ಟಿದ್ದೇನೆ. ದನಿ ಮಾತ್ರ ಟೇಪಿನಷ್ಟು ತಗ್ಗುವುದಿಲ್ಲ. ಅಷ್ಟಕ್ಕೆ ಒಪ್ಪಿಕೊಂಡಿದ್ದಾರೆ.

ಹಾಡುಗಳ ಪೂರ್ತಿ ಪಟ್ಟಿಯನ್ನು ಕನ್ನಡ ವಿಭಾಗದ ನೋಟೀಸ್ ಬೋರ್ಡಿಗೆ ಹಾಕಿದ್ದೇನೆ, ದಾದಾರ ಕಾಗುಣಿತದಲ್ಲೇ. ಇನ್ನೊಂದು ಕೆಲಸ ಉಳಿದಿದೆ. ಆ ಬೆಲ್ಟ್ ದಿನದಿಂದ ದಿನಕ್ಕೆ ಸಡಿಲವಾಗುತ್ತಿದೆ, ಎಂದೋ ಒಂದು ದಿನ ತುಂಡಾಗಿ ಟೇಪನ್ನೂ ಸುತ್ತಿಕೊಳ್ಳಬಹುದು. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ಕಡೆ ಹಳೇ ಟೇಪ್‌ರೆಕಾರ್ಡರ್ ರಿಪೇರಿ ಮಾಡುವವರು ನಿಮ್ಮ ಮನೆಯ ಹಿರಿಯರಿಗೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಊಟದ ಬಿಡುವಿನಲ್ಲಿ ಕಾಮರ್ಸ್ ಬ್ಲಾಕಿನ ಮೆಟ್ಟಿಲ ಹತ್ತಿರ ಸಿಗುತ್ತೇನೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ