ಉಣಬಡಿಸುವವಳ ಪಾಲು

ಗೃಹಸ್ಥಧರ್ಮದ ಮಾತು ಬಂದಾಗ ಪೂಜೆ, ದಾನ, ಸ್ವಾಧ್ಯಾಯಗಳ ಹೆಸರು ಮೊದಲು ಕೇಳಿಬರುತ್ತದೆ. ಇವುಗಳಿಗೂ ಮುಂಚೆ ನೆರವೇರಬೇಕಾದ ಕರ್ತವ್ಯವೊಂದಿದೆ: ಮನೆಯವರೆಲ್ಲರಿಗೂ ಹೊತ್ತು ಹೊತ್ತಿಗೆ ಅನ್ನ ಕಾಣಿಸುವುದು. ಯಜಮಾನ ಊರಿನಲ್ಲಿಲ್ಲದ, ಉಣ್ಣುವ ಬಾಯಿ ಹೆಚ್ಚಿರುವ, ಕೈಯಲ್ಲಿ ಕಾಸು ಕಡಿಮೆಯಿರುವ ಮನೆಯಲ್ಲಿ ಈ ಭಾರವನ್ನು ಹೊರುವವಳು ತಾಯಿ. ಅದನ್ನು ಅವಳು ಹೇಗೆ ನಿರ್ವಹಿಸುತ್ತಾಳೆ, ಅದಕ್ಕಾಗಿ ಏನನ್ನು ತೆರುತ್ತಾಳೆ ಎಂಬುದು ಧರ್ಮವಿಚಾರಕ್ಕೆ ಹೊರಗಿನ ಸಂಗತಿಯಲ್ಲ.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹಿಂದೆ ಹೊನ್ನಾಳಿಯೊಳಗಿದ್ದ ನ್ಯಾಮತಿ ಈಗ ಬೇರೆಯೇ ತಾಲ್ಲೂಕು. ಸೂಳೆಕೆರೆಯ ನಾಡಾದ ಚನ್ನಗಿರಿಯಲ್ಲಿ ಅಡಿಕೆ ತೋಟಗಳಿವೆ. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ. ಜಗಳೂರಿನ ಬಯಲು ಮಳೆಯನ್ನೇ ನಂಬಿದೆ. ಆದರೆ ನೀರು ಹರಿದಲ್ಲೆಲ್ಲ ಎಲ್ಲರಿಗೂ ಹೊಲವಿಲ್ಲ. ಸುಗ್ಗಿ ಮುಗಿಯುತ್ತಲೇ ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳ ತಾಂಡಾಗಳಿಂದ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೂ ಕಬ್ಬು ಕಡಿಯುವ ಕೆಲಸಕ್ಕೂ ಜನ ಹೊರಡುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಜಗಳೂರಿನ ಕಡೆಯವರೂ ಗುಳೆ ಹೋಗುತ್ತಾರೆ. ಮನೆಮಂದಿಯೆಲ್ಲ ಹೋದರೆ ಒಂದು ಬಗೆಯ ಕಷ್ಟ. ತಂದೆಯೊಬ್ಬನೇ ಹೋದರೆ ಇನ್ನೊಂದು ಬಗೆಯದು. ಅವನ ಕೂಲಿ ಕೈಗೆ ಸೇರುವುದು ತಿಂಗಳುಗಳ ಮೇಲೆ, ಒಲೆಯ ಮೇಲಿನ ಪಾತ್ರೆಗೆ ಬೇಕಾದದ್ದು ಇಂದೇ.

ಅಂಥದೊಂದು ಮನೆಯ ಲೆಕ್ಕವನ್ನು ಬಿಡಿಸಿ ನೋಡಬಹುದು. ಅತ್ತೆ, ಮಾವ, ನಾದಿನಿ, ನಾಲ್ವರು ಮಕ್ಕಳು ಮತ್ತು ತಾಯಿ. ಹೊರಗಿರುವ ತಂದೆಯೂ ಸೇರಿ ಪಡಿತರ ಚೀಟಿಯಲ್ಲಿ ಒಂಬತ್ತು ಹೆಸರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ, ಅಂದರೆ 45 ಕಿಲೋ. ದಿನಕ್ಕೆ ಒಂದೂವರೆ ಕಿಲೋ. ಮನೆಯಲ್ಲಿರುವ ಎಂಟು ಮಂದಿಗೆ ಹಂಚಿದರೆ ತಲೆಗೆ 190 ಗ್ರಾಮಿಗೂ ಕಡಿಮೆ. ದುಡಿಯುವ ದೇಹಕ್ಕೆ ಬೇಕಾದ ಶಕ್ತಿಯ ಮೂರನೆಯ ಒಂದು ಭಾಗವೂ ಇದರಿಂದ ಒದಗುವುದು ಕಷ್ಟ. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹದಿಂದ ಶಾಲೆಯ ದಿನಗಳಲ್ಲಿ ಮಕ್ಕಳ ಮಧ್ಯಾಹ್ನದ ಊಟ ಸಲ್ಲುತ್ತದೆ. ಉಳಿದದ್ದನ್ನು ಅಡಿಕೆ ಸುಲಿದು, ಕಳೆ ಕಿತ್ತು ತಾಯಿಯೇ ತುಂಬಿಸಬೇಕು.

ಆಕೆ ತುಂಬಿಸುವ ಜಾಣ್ಮೆ ಸಣ್ಣದಲ್ಲ. ಹುರುಳಿಯನ್ನು ರಾತ್ರಿಯೇ ನೆನೆಹಾಕಿದರೆ ಸೌದೆ ಉಳಿಯುತ್ತದೆ. ಬೆಂದ ಹುರುಳಿಯ ಕಟ್ಟು ಸಾರಾಗುತ್ತದೆ, ಕಾಳು ಪಲ್ಯವಾಗುತ್ತದೆ. ಒಂದೇ ಪಾತ್ರೆಯಿಂದ ಎರಡು ಪದಾರ್ಥ. ಹುಣಸೆ, ಮೆಣಸು, ಜೀರಿಗೆಯಿದ್ದರೆ ಸಾಕು, ಈರುಳ್ಳಿ ಬೆಳ್ಳುಳ್ಳಿಯ ಹಂಗಿಲ್ಲ. ಇದು ಜೈನ ಗೃಹಿಣಿಯರಿಗೆ ಹೇಳಿಕೊಡಬೇಕಾದ ವಿದ್ಯೆಯೂ ಅಲ್ಲ. ರಾಗಿ ಮುದ್ದೆ ಹೊಟ್ಟೆ ತುಂಬಿಸುವುದಲ್ಲದೆ, ನೂರು ಗ್ರಾಂ ರಾಗಿಗೆ 300 ಮಿಲಿಗ್ರಾಮಿಗೂ ಹೆಚ್ಚು ಸುಣ್ಣದಂಶವನ್ನು ಒದಗಿಸುತ್ತದೆ. ಹಿತ್ತಿಲ ನುಗ್ಗೆಸೊಪ್ಪಿಗೆ ಬೆಲೆಯಿಲ್ಲ, ಗುಣವುಂಟು. ಅನ್ನ ಬಸಿದ ಗಂಜಿಯನ್ನು ಚೆಲ್ಲುವುದಿಲ್ಲ; ಉಪ್ಪು ಬೆರೆಸಿ ಮುದುಕರಿಗೆ ಕೊಡುತ್ತಾಳೆ. ಗುರೆಳ್ಳು, ಶೇಂಗಾ ಕುಟ್ಟಿ ಚಟ್ನಿಪುಡಿ ಮಾಡಿಟ್ಟರೆ ವಾರಗಟ್ಟಲೆ ಬರುತ್ತದೆ. ಶಾಲೆಯಿಂದ ಬಂದ ಮಕ್ಕಳ ಕೈಗೆ ಒಂದು ಹಿಡಿ ಮಂಡಕ್ಕಿ.

ಇಷ್ಟೆಲ್ಲ ಮಾಡಿದ ಮೇಲೂ ಪಾತ್ರೆ ಸಾಲದೆ ಬರುವ ದಿನವಿರುತ್ತದೆ. ಆ ದಿನ ಮಾವನಿಗೆ ಕಡಿಮೆಯಾಗುವುದಿಲ್ಲ, ಮಕ್ಕಳಿಗೂ ಕಡಿಮೆಯಾಗುವುದಿಲ್ಲ. “ನೀನು ಉಂಡೆಯೇನಮ್ಮಾ?” ಎಂದು ಅತ್ತೆ ಕೇಳಿದರೆ “ಆಗಲೇ ಆಯ್ತತ್ತೆ” ಎಂಬ ಉತ್ತರ ಸಿದ್ಧವಾಗಿರುತ್ತದೆ. ತಳದಲ್ಲಿ ಉಳಿದ ಸಾರಿಗೆ ನೀರು ಬೆರೆಸಿ, ಒಂದು ಲೋಟ ಚಹಾದಿಂದ ಹಸಿವನ್ನು ತಗ್ಗಿಸಿ ಆಕೆ ಮಲಗುತ್ತಾಳೆ. ಊಟದ ಜೊತೆಗಿನ ಚಹಾ ಸೊಪ್ಪು ಕಾಳುಗಳ ಕಬ್ಬಿಣಾಂಶವನ್ನು ದೇಹಕ್ಕೆ ಹತ್ತಗೊಡುವುದಿಲ್ಲವೆಂಬುದು ಆಕೆಗೆ ತಿಳಿದಿರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆಯೆಂದು ಕಂಡಿತು. ಅದಕ್ಕೆ ಕಾರಣಗಳು ಹಲವು. ಕೊನೆಗೆ ಉಣ್ಣುವ ತಟ್ಟೆಯೂ ಅವುಗಳಲ್ಲೊಂದು.

ಇದನ್ನು ತ್ಯಾಗವೆಂದು ಹೊಗಳುವುದು ಸುಲಭ, ತಪಸ್ಸೆನ್ನುವವರೂ ಇದ್ದಾರೆ. ಆದರೆ ಶಾಸ್ತ್ರವು ಈ ವಿಷಯದಲ್ಲಿ ಸೂಕ್ಷ್ಮವಾಗಿ ವಿವೇಚಿಸಿದೆ. ಆರು ಬಾಹ್ಯ ತಪಗಳಲ್ಲಿ ಅವಮೌದರ್ಯ ಎರಡನೆಯದು. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದಿಟ್ಟು, ಅದಕ್ಕಿಂತ ಕಡಿಮೆ ಉಣ್ಣುವುದನ್ನು ಅವಮೌದರ್ಯವೆಂದು ಕರೆದಿದ್ದಾರೆ. ಹಾಗಾದರೆ ತಪಸ್ಸಿಗೆ ಮೊದಲು ಪೂರ್ಣಾಹಾರವು ಎದುರಿಗಿರಬೇಕು, ಬಿಡುವ ಸ್ವಾತಂತ್ರ್ಯವಿರಬೇಕು. ಬೇರೆ ದಾರಿಯಿಲ್ಲದೆ ಸಹಿಸಿದ ಹಸಿವಿಗೆ ಅಕಾಮ ನಿರ್ಜರೆಯೆಂಬ ಬೇರೆಯೇ ಹೆಸರಿದೆ. ತಾಯಿಯ ಬರಿಗಂಗಾಳವನ್ನು ತಪಸ್ಸೆಂದು ಕೊಂಡಾಡಿದರೆ, ಅದನ್ನು ತುಂಬಿಸಬೇಕಾದ ಹೊಣೆಯಿಂದ ಉಳಿದವರು ನುಣುಚಿಕೊಂಡಂತಾಗುತ್ತದೆ. ಹಸಿದವಳು ಹಸಿವನ್ನು ಮರೆಮಾಚಿದಳೆಂಬುದು ಆಕೆಯ ಪ್ರೀತಿಗೆ ಸಾಕ್ಷಿ. ಆ ಹಸಿವು ಯಾರ ಕಣ್ಣಿಗೂ ಬೀಳಲಿಲ್ಲವೆಂಬುದು ಮನೆಯವರ ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂಬುದನ್ನು ಈ ಪುಟಗಳ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪರಿಹಾರಕ್ಕೆ ಹೆಚ್ಚು ಹಣ ಬೇಕಿಲ್ಲ. ಬಡಿಸುವ ಮುನ್ನವೇ ಅಡುಗೆ ಮಾಡಿದವಳ ಪಾಲನ್ನು ಬೇರೆ ತಟ್ಟೆಯಲ್ಲಿ ತೆಗೆದಿಡುವ ರೂಢಿ ಬರಲಿ. ಅದನ್ನು ತೆಗೆದಿಡುವವರು ಅತ್ತೆಯಾದರೆ ಇನ್ನೂ ಒಳಿತು, ಸೊಸೆ ಮರುಮಾತನಾಡಲಾರಳು. ಸಾಧ್ಯವಾದ ಮನೆಗಳಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಹೊತ್ತು ಮುಳುಗುವ ಮೊದಲೇ ಉಣ್ಣಲಿ; ಕಡಿಮೆ ಬಿದ್ದರೆ ಎಲ್ಲರಿಗೂ ಒಂದೊಂದು ತುತ್ತು ಕಡಿಮೆಯಾಗುತ್ತದೆ, ಒಬ್ಬಳಿಗೇ ಎಂಟು ತುತ್ತಲ್ಲ. ಚಹಾವನ್ನು ಊಟದಿಂದ ದೂರವಿಟ್ಟು, ಸೊಪ್ಪಿನ ಪಲ್ಯಕ್ಕೆ ನಿಂಬೆಯ ಹುಳಿ ಹಿಂಡಿದರೆ ಉಂಡದ್ದು ಮೈಗೆ ಹತ್ತುತ್ತದೆ.

ಬಸದಿಗಳ ಟ್ರಸ್ಟುಗಳು ಪರ್ವದಿನಗಳಲ್ಲಿ ನಡೆಸುವ ಅನ್ನದಾನ ಶ್ಲಾಘನೀಯವಾದದ್ದು. ಆದರೆ ಗಂಡಸರು ಕೆಲಸಕ್ಕೆ ಹೋಗಿರುವ ತಿಂಗಳುಗಳಲ್ಲಿ ಪರ್ವವಿರಲೇಬೇಕೆಂಬ ನಿಯಮವಿಲ್ಲ. ಒಂದು ದಿನದ ಸಂತರ್ಪಣೆಯ ಖರ್ಚಿನ ಒಂದು ಭಾಗವನ್ನು ತೊಗರಿಬೇಳೆ, ಹುರುಳಿ, ಶೇಂಗಾಗಳಾಗಿ ಬದಲಿಸಿ, ಜಾತಿಮತ ಕೇಳದೆ, ಫೋಟೋ ತೆಗೆಸದೆ, ಅಂಥ ಮನೆಗಳ ಹೆಂಗಸರ ಕೈಗೇ ತಲುಪಿಸಬಹುದು. ಪಡಿತರದಲ್ಲಿ ಅಕ್ಕಿ ಸಿಗುತ್ತದೆ. ಕಾಳು, ಎಣ್ಣೆಗಳಿಗೆ ಕೈಯಿಂದ ಹಣ ಬೀಳುತ್ತದೆ. ದಾನವೆಂದರೆ ಕೊಟ್ಟವನಿಗೂ ಪಡೆದವನಿಗೂ ಹಿತವಾಗುವಂಥದ್ದೆಂದು ಹಿರಿಯರು ಹೇಳಿದ್ದಾರೆ. ಕೊಡುವ ಮುನ್ನ ಆ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ಪಾಲಿಗೆ ಎಷ್ಟು ಉಳಿಯುತ್ತದೆ ಎಂದು ವಿಚಾರಿಸಿಕೊಂಡರೆ ಆ ದಾನ ಸೇರಬೇಕಾದಲ್ಲಿಗೆ ಸೇರುತ್ತದೆ.