ನಮ್ಮ ಸೋದರಳಿಯನ ಗಣಕಯಂತ್ರ

ನಾವು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಶಬ್ದರೂಪಗಳನ್ನೂ ಸಂಧಿಪ್ರಕರಣವನ್ನೂ ಬಾಯಿಪಾಠ ಮಾಡಿಸಿ ನಿವೃತ್ತರಾದವರು. ವಿದ್ಯುತ್ತಿನ ವಿಷಯದಲ್ಲಿ ನಮಗಿದ್ದ ಜ್ಞಾನವು ದೀಪದ ಗುಂಡಿಯನ್ನು ಒತ್ತುವಲ್ಲಿಗೇ ಮುಗಿಯುತ್ತಿತ್ತು. ಹೀಗಿದ್ದೂ 2024ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ, ಒಬ್ಬ ಹುಡುಗನ ಎರಡು ವರ್ಷದ ಸಂಪಾದನೆಯು ಗಣಕಯಂತ್ರವೊಂದರ ಬಿಡಿಭಾಗಗಳಲ್ಲಿ ಹೇಗೆ ವಿನಿಯೋಗವಾಗತಕ್ಕದ್ದೆಂಬುದನ್ನು ನಿರ್ಣಯಿಸುವ ಅಧಿಕಾರವು ನಮ್ಮ ಕೈಗೆ ಬಂದಿತು. ಅಧಿಕಾರವು ಬಂದ ಕೂಡಲೆ ತಿಳಿವಳಿಕೆಯೂ ಬಂದಿತೆಂದು ನಾವು ಭಾವಿಸಿದೆವು. ಅಲ್ಲಿಂದ ಮುಂದೆ ನಡೆದುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇವೆ. ನಮ್ಮಂತೆ ಹಿರಿಯರೆನಿಸಿಕೊಂಡ ಗೃಹಸ್ಥರಿಗೆ ಪ್ರಯೋಜನವಾದರೂ ಆದೀತು.

ಹುಡುಗನು ಔರಾದದಲ್ಲಿರುವ ನಮ್ಮ ತಂಗಿಯ ಮಗ. ಮನೆಗೆ ಸ್ವಲ್ಪ ಎರೆಯ ಹೊಲವುಂಟು. ಉದ್ದು, ತೊಗರಿ, ಸೋಯಾಬೀನು ಬೆಳೆಯುತ್ತಾರೆ. ತಂದೆಯಿಲ್ಲ. ಇವನು ಭಾಲ್ಕಿಯಲ್ಲಿ ಓದುತ್ತ, ಸಾಯಂಕಾಲದ ಹೊತ್ತು ಅರ್ಜಿಗಳನ್ನು ತುಂಬಿಕೊಡುವ ಅಂಗಡಿಯೊಂದರಲ್ಲಿ ಕೆಲಸಮಾಡಿ, ಚಹಕ್ಕೂ ಖರ್ಚುಮಾಡದೆ 65,000 ರೂಪಾಯಿಗಳನ್ನು ಕೂಡಿಸಿದ್ದನು. ಅದರಿಂದ ಆಟದ ಗಣಕಯಂತ್ರವನ್ನು ತಾನೇ ಜೋಡಿಸಿಕೊಳ್ಳಬೇಕೆಂಬುದು ಅವನ ಹಂಬಲ. ತಂಗಿಯು ಬೀದರಕ್ಕೆ ಬಂದು ಪಾಸುಬುಕ್ಕನ್ನು ನಮ್ಮ ಮುಂದಿಟ್ಟು, “ನೀನು ಹೂಂ ಅಂದರೆ ಮಾತ್ರ” ಎಂದಳು.

‘ಆಟ’ವೆಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ಧರ್ಮರಾಯನ ದ್ಯೂತವು ಸ್ಮರಣೆಗೆ ಬಂದಿತು. ಹುಡುಗನು ತಾಳ್ಮೆಯಿಂದ ಭೇದವನ್ನು ತಿಳಿಸಿದನು: ಪಣವೊಡ್ಡುವ ಆಟವು ಬೇರೆ, ಇದು ಬೇರೆ; ದುಡ್ಡಿನ ಎಲೆಯಾಟಕ್ಕೆ ಯಂತ್ರವೇ ಬೇಕಿಲ್ಲ, ಕಿಸೆಯಲ್ಲಿರುವ ಫೋನೇ ಸಾಕು. (ತರುವಾಯ 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯಿದೆಮಾಡಿದಾಗಲೂ ಇ-ಕ್ರೀಡೆಗಳನ್ನು ಬೇರೆಯಾಗಿಯೇ ಎಣಿಸಿತು, ಹುಡುಗನ ಭೇದವೇ ಶಾಸನದ ಭೇದವೂ ಆಯಿತು.) ಸಿದ್ಧವಾದ ಲ್ಯಾಪ್‌ಟಾಪನ್ನೇ ಕೊಳ್ಳಬಾರದೇ ಎಂದು ಕೇಳಿದೆವು. ಜೋಡಿಸಿದ ಯಂತ್ರದಲ್ಲಿ ಒಂದು ಅಂಗವು ಕೆಟ್ಟರೆ ಅದೊಂದನ್ನೇ ಬದಲಿಸಬಹುದು, ನಾಲ್ಕು ವರ್ಷದ ಮೇಲೆ ಒಂದೊಂದಾಗಿ ಉತ್ತಮಪಡಿಸಬಹುದು ಎಂದನು. ಚಕ್ಕಡಿಯ ಗಾಲಿಯೊಂದು ಮುರಿದರೆ ಚಕ್ಕಡಿಯನ್ನೇ ಎಸೆಯದ ಮನೆತನದವರಾದ ನಮಗೆ ಈ ಮಾತು ಒಪ್ಪಿಗೆಯಾಯಿತು.

ಬಳಿಕ ಅವನ ಪಟ್ಟಿಯನ್ನು ಕೈಗೆತ್ತಿಕೊಂಡೆವು. ಪದಗಳು ಕೂಡಿ ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ನಮ್ಮ ತರ್ಕಶಾಸ್ತ್ರದವರು ಹೇಳುತ್ತಾರೆ. ಒಂದು ಪದವು ಇನ್ನೊಂದನ್ನು ಬಯಸಬೇಕು. ಅರ್ಥವು ಒಂದಕ್ಕೊಂದು ಹೊಂದಬೇಕು. ನಡುವೆ ಬಹಳ ಅಂತರವಿರಕೂಡದು. ಬೆಂಕಿಯಿಂದ ತೋಯಿಸುತ್ತಾನೆಂದರೆ ವ್ಯಾಕರಣದಲ್ಲಿ ದೋಷವಿಲ್ಲ, ಆದರೆ ಯೋಗ್ಯತೆಯಿಲ್ಲ. ಹುಡುಗನ ಪಟ್ಟಿಯೂ ಒಂದು ವಾಕ್ಯವೇ. ಅವನು ಆರಿಸಿದ್ದ ಪ್ರೊಸೆಸರು ರೈಜನ್ 5 5600. ಅದಕ್ಕೆ ತಾನೇ ಚಿತ್ರವನ್ನು ತೋರಿಸುವ ಶಕ್ತಿಯಿಲ್ಲ. ಆದಕಾರಣ ಗ್ರಾಫಿಕ್ಸ್ ಕಾರ್ಡಿನ ಆಕಾಂಕ್ಷೆಯುಂಟು. ಅದು ಕೂರುವ ಪೀಠದ ಹೆಸರು ಎಎಂ4. ಆ ಪೀಠದ ಮದರ್‌ಬೋರ್ಡಿಗೆ ಡಿಡಿಆರ್4 ಜಾತಿಯ ರ್ಯಾಮೇ ಯೋಗ್ಯ, ಹೊಸದೆಂದು ಡಿಡಿಆರ್5 ತಂದರೆ ಸೀಳಿನ ಸ್ಥಾನವೇ ಬೇರೆಯಾಗಿ ಒಳಗೆ ಇಳಿಯದು. ಹಳೆಯ ಬಿ450 ಬೋರ್ಡು ಅಗ್ಗವಾಗಿ ಸಿಕ್ಕರೂ ಅದರೊಳಗಿನ ತಂತ್ರಾಂಶವನ್ನು ನವೀಕರಿಸದಿದ್ದರೆ ಈ ಪ್ರೊಸೆಸರನ್ನು ಅದು ಗುರುತಿಸದೆ ಹೋಗಬಹುದೆಂದು ಬಿ550 ಬರೆದಿದ್ದನು. ರ್ಯಾಮನ್ನು 16 ಜಿಬಿಯ ಒಂದೇ ಕಡ್ಡಿಯಾಗಿ ಕೊಳ್ಳದೆ 8ರ ಎರಡಾಗಿ ಕೊಂಡರೆ ಎರಡು ದಾರಿಯಲ್ಲಿ ಏಕಕಾಲಕ್ಕೆ ಸಂಚಾರವಾಗುತ್ತದೆ. ಆದರೆ ನಾಲ್ಕು ಸಂದುಗಳ ಬೋರ್ಡಿನಲ್ಲಿ ಅವನ್ನು ಪಕ್ಕಪಕ್ಕದಲ್ಲಿ ಇಡಬಾರದು, ಎರಡನೆಯದರಲ್ಲಿಯೂ ನಾಲ್ಕನೆಯದರಲ್ಲಿಯೂ ಇಡಬೇಕು. ಇಲ್ಲಿ ಮಾತ್ರ ಸನ್ನಿಧಿಯ ನಿಯಮವು ತಲೆಕೆಳಗಾಯಿತೆಂದು ನಾವು ನಕ್ಕೆವು, ಅವನಿಗೆ ಅರ್ಥವಾಗಲಿಲ್ಲ.

ಪಟ್ಟಿಯ ಸುಮಾರು ಮೂರರಲ್ಲೊಂದು ಪಾಲು ರೇಡಿಯಾನ್ ಆರ್‌ಎಕ್ಸ್ 6600 ಎಂಬ ಗ್ರಾಫಿಕ್ಸ್ ಕಾರ್ಡಿಗೇ ಹೋಗಿತ್ತು. ಇದು ಅತಿಯಾಯಿತೆಂದೆವು. ಪರದೆಯ ಮೇಲೆ ಅಡ್ಡಲಾಗಿ 1,920, ಉದ್ದಕ್ಕೆ 1,080, ಒಟ್ಟು ಇಪ್ಪತ್ತು ಲಕ್ಷಕ್ಕೂ ಮೀರಿದ ಚುಕ್ಕೆಗಳಿರುತ್ತವೆಂದೂ, ಆಡುವಾಗ ಅಷ್ಟೂ ಚುಕ್ಕೆಗಳನ್ನು ಸೆಕೆಂಡಿಗೆ ಅರುವತ್ತು ಸಲಕ್ಕೆ ಕಡಿಮೆಯಿಲ್ಲದೆ ಹೊಸದಾಗಿ ಬರೆಯಬೇಕೆಂದೂ, ಬರೆಯುವವನಿಗೆ ಕೂಲಿ ಹೆಚ್ಚೆಂದೂ ಉತ್ತರವಿತ್ತನು. ಪೆಟ್ಟಿಗೆಯ ವಿಷಯದಲ್ಲಿ ನಾವು ನಿರೀಕ್ಷಿಸಿದಷ್ಟು ಬಣ್ಣದ ದೀಪಗಳಿರಲಿಲ್ಲ. ಕಪ್ಪು ಪೆಟ್ಟಿಗೆ, ಒಂದು ಪಕ್ಕಕ್ಕೆ ಗಾಜು, ಮುಂದೆ ಗಾಳಿಯಾಡುವ ಜಾಲರಿ, ಅಂಚಿಗೆ ಬಿಳಿಯ ಗೆರೆ. ಕಪ್ಪು ಲೋಹದಲ್ಲಿ ಬೆಳ್ಳಿಯ ಗೆರೆಯನ್ನು ಕೂರಿಸಿ ಬಿದರಿಯೆಂದು ಲೋಕಕ್ಕೆಲ್ಲ ಮಾರಿದ ಊರಿನವರಿಗೆ ಇದನ್ನು ಆಕ್ಷೇಪಿಸುವ ಮುಖವೆಲ್ಲಿ?

ಪಟ್ಟಿಯ ಮೊತ್ತವು ಪರದೆಯೂ ಸೇರಿ 67,250. ಇದ್ದದ್ದು 65,000. ಕೊರತೆ 2,250.

ಸಿಕಂದರಾಬಾದಿನಲ್ಲಿ ಸಿಟಿಸಿ ಎಂದು ಕರೆಯಿಸಿಕೊಳ್ಳುವ ಗಣಕ ಸಾಮಗ್ರಿಗಳ ಪೇಟೆಯುಂಟು. ಬೀದರದವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಅಲ್ಲಿಗೆ ಹುಡುಗನೊಡನೆ ನಾವೂ ಹೋದೆವು. ಕೊರತೆಯನ್ನು ತುಂಬಲು ಅವನು ಉಪಾಯವನ್ನು ಯೋಚಿಸಿಯೇ ಬಂದಿದ್ದನು: ದಾಸ್ತಾನಿನ ಎಸ್‌ಎಸ್‌ಡಿಯನ್ನು ಅರ್ಧ ಅಳತೆಗೆ ಇಳಿಸಿದರೆ 2,400 ಉಳಿಯುತ್ತದೆ, ಮುಂದೆ ಕೈಯಲ್ಲಿ ದುಡ್ಡಾದಾಗ ಇನ್ನೊಂದನ್ನು ಸೇರಿಸಿಕೊಳ್ಳಬಹುದು. ಸರಿಯಾದ ಉಪಾಯ. ಆದರೆ ನಮ್ಮ ದೃಷ್ಟಿಯು ಪಟ್ಟಿಯ ಕೊನೆಯ ಸಾಲಿನ ಮೇಲೆ ನಾಟಿತ್ತು. ಗೋಡೆಯ ವಿದ್ಯುತ್ತನ್ನು ಯಂತ್ರದ ಅಂಗಗಳಿಗೆ ಹದವಾಗಿ ಹಂಚುವ ಪವರ್ ಸಪ್ಲೈ, ಅಂಗಡಿಯವರ ಭಾಷೆಯಲ್ಲಿ ಎಸ್‌ಎಂಪಿಎಸ್: 550 ವಾಟು, 4,250 ರೂಪಾಯಿ. ಯಾವ ಚಿತ್ರವನ್ನೂ ಬರೆಯದ, ಯಾವ ಲೆಕ್ಕವನ್ನೂ ಮಾಡದ, ಪೆಟ್ಟಿಗೆಯ ಮೂಲೆಯಲ್ಲಿ ಅಡಗಿ ಕೂರುವ ತಗಡಿನ ಡಬ್ಬಿಗೆ ಇಷ್ಟು ಬೆಲೆಯೆ? ನಮ್ಮೂರ ಅಂಗಡಿಯೊಂದರಲ್ಲಿ 450 ವಾಟಿನದು 1,150ಕ್ಕೆ ಸಿಗುವುದನ್ನು ನಾವು ಮೊದಲೇ ವಿಚಾರಿಸಿಕೊಂಡಿದ್ದೆವು. ಕಾರ್ಡನ್ನು ತಯಾರಿಸಿದವರೇ 450 ವಾಟು ಸಾಕೆಂದಿದ್ದಾರಲ್ಲವೆ ಎಂದು ಅವನದೇ ಕಾಗದವನ್ನು ಅವನಿಗೆ ತೋರಿಸಿದೆವು.

“ಮಾವ, ಎಲ್ಲ 450 ಒಂದೇ ಅಲ್ಲ” ಎಂದು ಅವನು ಒಂದು ಸಲ ಹೇಳಿದನು. ನಾವು ತರಗತಿಯಲ್ಲಿ ನೋಡುವಂತೆ ಅವನನ್ನು ನೋಡಿದೆವು. ಅವನು ಸುಮ್ಮನಾದನು. ಹಣವು ಅವನದು, ಆದರೆ ಪಾಸುಬುಕ್ಕು ನಮ್ಮ ಚೀಲದಲ್ಲಿತ್ತು.

ಜೋಡಣೆಯು ಬೀದರದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿಯೇ ನಡೆಯಿತು. ಪ್ರೊಸೆಸರಿನ ತಲೆಯ ಮೇಲೆ ಕಡಲೆಕಾಳಿನಷ್ಟು ಲೇಪವನ್ನಿಟ್ಟು ಅದರ ಮೇಲೆ ಶೈತ್ಯಕವನ್ನು ಬಿಗಿದನು. ಒಂದೊಂದು ಅಂಗವನ್ನು ಮುಟ್ಟುವುದಕ್ಕೆ ಮೊದಲು ಕಿಟಕಿಯ ಸರಳನ್ನು ಮುಟ್ಟುತ್ತಿದ್ದನು. ಮೈಯಲ್ಲಿ ಸೇರಿದ ಸ್ಥಿರವಿದ್ಯುತ್ತು ಅಂಗಗಳಿಗೆ ತಗಲಬಾರದೆಂದು ಹಾಗೆ. ನಮ್ಮ ಮನೆಯವರು ಅದನ್ನು ಮಡಿಯ ಒಂದು ಪ್ರಕಾರವೆಂದೇ ತಿಳಿದರು. ನಾವು ಕೊಂಡ ಅಗ್ಗದ ಡಬ್ಬಿಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಎಂಟು ಸೂಜಿಯ ತಂತಿಯೇ ಇರಲಿಲ್ಲ. ಅಂಗಡಿಯಾತನು ಎರಡು ಹಳೆಯ ಮಾದರಿಯ ತಂತಿಗಳನ್ನು ಒಂದುಗೂಡಿಸುವ ಕೊಂಡಿಯನ್ನು ಪುಕ್ಕಟೆಯಾಗಿ ಕೊಟ್ಟನು. ಪುಕ್ಕಟೆಯೆಂದು ನಾವು ಸಂತೋಷಪಟ್ಟೆವು. ಎಲ್ಲವೂ ಮುಗಿದು ಗುಂಡಿಯನ್ನೊತ್ತಿದಾಗ ಪಂಖಗಳು ತಿರುಗಿದವು, ಪರದೆಯು ಮಾತ್ರ ಕಪ್ಪಾಗಿಯೇ ಉಳಿಯಿತು. ಅರ್ಧ ಗಂಟೆ ಹುಡುಗನ ಮುಖವನ್ನು ನೋಡಲಾಗಲಿಲ್ಲ. ಪರದೆಯ ತಂತಿಯನ್ನು ಕಾರ್ಡಿಗೆ ಸಿಕ್ಕಿಸುವುದರ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿದ್ದನು, ಅಷ್ಟೆ.

ಆ ರಾತ್ರಿ ಅವನು ಮೊದಲು ತೋರಿಸಿದ ಆಟವು ಪುಣೆಯಲ್ಲಿ ನಿರ್ಮಿತವಾಗಿ 2020ರಲ್ಲಿ ಹೊರಬಂದ ‘ರಾಜಿ’ ಎಂಬುದು. ಅಸುರರು ಒಯ್ದ ತಮ್ಮನನ್ನು ಹುಡುಕಿಕೊಂಡು ಹೋಗುವ ಹುಡುಗಿಯೊಬ್ಬಳ ಕಥೆ. ಗುಡಿಯ ಕಂಬಗಳು, ಗೋಡೆಯ ಚಿತ್ರಗಳು, ಹುಡುಗಿಯ ಕೈಯಲ್ಲಿ ತ್ರಿಶೂಲ. ಹತ್ತು ನಿಮಿಷ ನೋಡಿ ಏಳಬೇಕೆಂದು ಕುಳಿತವರು ನಾವು ಊಟಕ್ಕೆ ಕರೆ ಬಂದಾಗ ಎದ್ದೆವು.

ಯಂತ್ರವು ಔರಾದಕ್ಕೆ ಹೋಯಿತು. ಏಪ್ರಿಲಿನ ಬಿಸಿಲು. ಎರಡು ಸಲ ಆಟದ ನಡುವೆ ತಾನಾಗಿಯೇ ಆರಿಹೋಯಿತೆಂದು ಹುಡುಗನು ಫೋನು ಮಾಡಿದನು. ಯಂತ್ರಕ್ಕೂ ವಿಶ್ರಾಂತಿ ಬೇಕಷ್ಟೆ ಎಂದು ನಾವು ವಿನೋದದಿಂದ ಉತ್ತರಿಸಿದೆವು. ಮೂರನೆಯ ಸಲ ಪಟ್ಟೆಂದು ಸದ್ದಾಗಿ ಸುಟ್ಟ ವಾಸನೆಯು ಮನೆಯನ್ನು ತುಂಬಿತು. ನಾವು ಮರುದಿನವೇ ಹೋದೆವು. ಡಬ್ಬಿಯು ಸತ್ತುದಲ್ಲದೆ ಮದರ್‌ಬೋರ್ಡನ್ನೂ ಕೂಡ ಕರೆದುಕೊಂಡು ಹೋಗಿತ್ತು. ಪ್ರೊಸೆಸರೂ ಕಾರ್ಡೂ ಉಳಿದಿವೆಯೆಂಬುದು ಭಾಲ್ಕಿಯ ಗೆಳೆಯನೊಬ್ಬನ ಯಂತ್ರದಲ್ಲಿಟ್ಟು ನೋಡಿದ ಮೇಲೆ ತಿಳಿಯಿತು. ಸುಟ್ಟ ಕಲೆಯಿರುವ ಬೋರ್ಡಿಗೆ ಖಾತರಿಯು ಅನ್ವಯಿಸುವುದಿಲ್ಲವಂತೆ.

ಹೇಗಾಯಿತೆಂದು ತಂಗಿಯು ಕೇಳಿದಳು. “ವಿದ್ಯುತ್ತಿನ ಏರುಪೇರು” ಎಂದು ನಮ್ಮ ಬಾಯಿಂದ ಬಂದಿತು. ಹುಡುಗನು ಅಲ್ಲಿಯೇ ನಿಂತಿದ್ದನು. ನಮ್ಮ ಮುಖವನ್ನು ನೋಡಿ ನೆಲವನ್ನು ನೋಡಿದನು, ಒಂದು ಮಾತನ್ನೂ ಆಡಲಿಲ್ಲ. ಸಿಕಂದರಾಬಾದಿನಲ್ಲಿ ಸುಮ್ಮನಿದ್ದಂತೆಯೇ ಇಲ್ಲಿಯೂ ಸುಮ್ಮನಿದ್ದನು.

ಆ ರಾತ್ರಿ ನಿದ್ರೆ ಬಾರದೆ ಎದ್ದು ಕೈದೀಪದ ಬೆಳಕಿನಲ್ಲಿ ಸತ್ತ ಡಬ್ಬಿಯನ್ನು ತಿರುಗಿಸಿ ನೋಡಿದೆವು. ಮುಂದೆ ದೊಡ್ಡಕ್ಷರಗಳಲ್ಲಿ 450 ವಾಟು ಎಂದಿತ್ತು. ಪಕ್ಕದಲ್ಲಿ ಸಾಸಿವೆಯಂಥ ಅಕ್ಷರಗಳಲ್ಲಿ ಒಂದು ಕೋಷ್ಟಕ. ಪ್ರೊಸೆಸರಿಗೂ ಕಾರ್ಡಿಗೂ ಬೇಕಾದುದು 12 ವೋಲ್ಟಿನ ಸಾಲು. ಅದರ ಮುಂದೆ 16 ಆಂಪಿಯರು ಎಂದು ಬರೆದಿತ್ತು. ಹನ್ನೆರಡು ಹದಿನಾರಲೆ ನೂರ ತೊಂಬತ್ತೆರಡು. ಕಾರ್ಡೊಂದೇ ದುಡಿಯುವಾಗ 132 ವಾಟನ್ನು ಬೇಡುತ್ತದೆ; ಪ್ರೊಸೆಸರಿನ ಹೆಸರಿಗೆ 65 ವಾಟೆಂದಿದ್ದರೂ ಒತ್ತಡದಲ್ಲಿ ಅದಕ್ಕೂ ಮೇಲೆ ಏರುತ್ತದೆ. ಒಟ್ಟು ಆ ನೂರ ತೊಂಬತ್ತೆರಡನ್ನು ಮೀರುತ್ತದೆ. ಹುಡುಗನು ಇದನ್ನೆಲ್ಲ ತನ್ನ ಪಟ್ಟಿಯ ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದಿದ್ದನು. ನಾವು ಬೆಲೆಯ ಕಂಬವನ್ನು ಬಿಟ್ಟು ಬೇರೆಯದನ್ನು ಓದಿರಲಿಲ್ಲ. ನಾಲ್ಕನೆಯ ತರಗತಿಯ ಮಗುವು ಮಾಡಬಹುದಾದ ಗುಣಾಕಾರ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದ ಕಥೆಯನ್ನು ನಾವು ಎಷ್ಟು ತರಗತಿಗಳಿಗೆ ಹೇಳಿಲ್ಲ! ಹೊರಗಿನ ಫಲಕವು ಒಳಗಿನ ವಸ್ತುವಲ್ಲವೆಂಬುದು ಆ ಪುಣ್ಯದ ಕೆಲಸಕ್ಕೆ ಮಾತ್ರ ಸಲ್ಲುತ್ತದೆಂದು ತಿಳಿದಿದ್ದೆವೋ ಏನೋ.

ಬೆಳಗ್ಗೆ ಚಹದ ಹೊತ್ತಿಗೆ ತಂಗಿಯನ್ನೂ ಹುಡುಗನನ್ನೂ ಎದುರಿಗೆ ಕೂರಿಸಿಕೊಂಡು, ತಪ್ಪು ವಿದ್ಯುತ್ತಿನದಲ್ಲ, ನಮ್ಮದು ಎಂದು ಹೇಳಿದೆವು. ಹೇಳುವುದು ನಾವು ಎಣಿಸಿದಷ್ಟು ಸುಲಭವಾಗಿರಲಿಲ್ಲ. ತಂಗಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ನನಗೆ ನಿನ್ನೆಯೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ” ಎಂದಳು. ಈ ಮಾತು ನಮಗೆ ಯಾವ ಬೈಗುಳಕ್ಕಿಂತಲೂ ಹೆಚ್ಚಾಗಿ ತಾಕಿತು. 3,100 ರೂಪಾಯಿಗಳನ್ನು ಉಳಿಸಹೋಗಿದ್ದೆವು. ಹೊಸ ಬೋರ್ಡಿಗೆ 8,900, ಹುಡುಗನು ಮೊದಲು ಬರೆದಿದ್ದ ಪವರ್ ಸಪ್ಲೈಗೆ 4,250, ಒಟ್ಟು 13,150ನ್ನು ನಮ್ಮ ಪಿಂಚಣಿಯಿಂದ ತೆತ್ತೆವು. ಹುಡುಗನು ಅರ್ಧವನ್ನು ತಾನು ಕೊಡುತ್ತೇನೆಂದನು. ತೆಗೆದುಕೊಳ್ಳಲಿಲ್ಲ.

ಹೊಸ ಡಬ್ಬಿಯ ಮೇಲೆ ‘80 ಪ್ಲಸ್ ಬ್ರಾಂಜ್’ ಎಂಬ ಮುದ್ರೆಯುಂಟು. ಇದನ್ನು ನೋಡಿದರೆ ಸಾಕೆಂದು ಕೆಲವರು ಹೇಳುವರು, ಅದು ಸರಿಯಲ್ಲ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಾವಾಗಿ ವ್ಯರ್ಥವಾಗದೆ ಯಂತ್ರಕ್ಕೆ ತಲಪುತ್ತದೆಂಬುದನ್ನು, ಅರ್ಧ ಹೊರೆಯಲ್ಲಿ ನೂರಕ್ಕೆ ಸುಮಾರು 85 ಎಂಬುದನ್ನು, ಅದು ಹೇಳುತ್ತದೆಯೇ ಹೊರತು ಡಬ್ಬಿಯ ಬಾಳಿಕೆಯನ್ನಲ್ಲ. 12 ವೋಲ್ಟಿನ ಸಾಲನ್ನು ಕನ್ನಡಕ ಹಾಕಿಕೊಂಡು ಓದಬೇಕು.

ಇನ್ನೊಂದು ಸಂಗತಿ ಆಗಲೇ ಹೊರಬಿದ್ದಿತು. ಯಂತ್ರದ ತಗಡನ್ನು ಮುಟ್ಟಿದರೆ ಬೆರಳು ಝುಮ್ಮೆನ್ನುತ್ತಿತ್ತಂತೆ. ಮನೆಯ ಪ್ಲಗ್ಗಿಗೆ ಮೂರು ರಂಧ್ರಗಳಿದ್ದರೂ ಮೂರನೆಯದರ ಹಿಂದೆ ತಂತಿಯೇ ಇರಲಿಲ್ಲ. ಇಂಥ ಡಬ್ಬಿಗಳೊಳಗಿನ ಶೋಧಕವು ಅತ್ಯಲ್ಪ ವಿದ್ಯುತ್ತನ್ನು ಹೊರಕವಚಕ್ಕೆ ಬಿಡುವುದು ಸಹಜವೆಂದೂ, ಅದು ಭೂಮಿಗೆ ಹೋಗಲು ದಾರಿಯಿಲ್ಲದಿದ್ದರೆ ಮುಟ್ಟಿದವನ ಮೈಯೇ ದಾರಿಯಾಗುತ್ತದೆಂದೂ ಕೆಲಸಗಾರನು ವಿವರಿಸಿದನು. ಹಿತ್ತಲಲ್ಲಿ ಎಂಟು ಅಡಿ ಅಗೆಯಿಸಿ, ಕೊಳವೆಯನ್ನಿಳಿಸಿ, ಸುತ್ತ ಇದ್ದಲನ್ನೂ ಉಪ್ಪನ್ನೂ ಪದರಪದರವಾಗಿ ತುಂಬಿಸಿ ತಂತಿಯನ್ನು ಎಳೆಯಿಸಿದೆವು. ವಿದ್ಯುತ್ತು ಹೋಗುವ ಊರಾದ್ದರಿಂದ 600 ವಿಎ ಅಳತೆಯ ಯುಪಿಎಸ್ ಒಂದನ್ನೂ ಇಟ್ಟಿದೆ. ಅದರ ವಾಟಿನ ಶಕ್ತಿ 360ರಷ್ಟೇ. ಆಡುವುದಕ್ಕಲ್ಲ, ಕೆಲಸವನ್ನು ಉಳಿಸಿಕೊಂಡು ಯಂತ್ರವನ್ನು ಕ್ರಮವಾಗಿ ನಿಲ್ಲಿಸುವುದಕ್ಕೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಭೂಸಂಪರ್ಕವು ಕೆಡುತ್ತದೆಂದು ಕೇಳಿದ ಮೇಲೆ ನಮ್ಮ ತಂಗಿಯು ದಿನವೂ ತುಳಸಿಗೆ ಒಂದು ತಂಬಿಗೆ ನೀರೆರೆದು, ಆ ಗುಂಡಿಗೆ ಒಂದು ಕೊಡವನ್ನು ಸುರಿಯುತ್ತಾಳೆ.

ಯಂತ್ರವು ಈಗಲೂ ನಡೆಯುತ್ತಿದೆ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಲೋಕದ ಸ್ಮೃತಿಚಿಪ್ಪುಗಳನ್ನೆಲ್ಲ ಬಾಚಿಕೊಳ್ಳತೊಡಗಿ, ಹುಡುಗನು 3,300ಕ್ಕೆ ಕೊಂಡಿದ್ದ ರ್ಯಾಮಿನ ಬೆಲೆಯು ಎರಡು ಪಟ್ಟಿಗಿಂತಲೂ ಮೇಲೇರಿತು. ಆ ಸಮಯದಲ್ಲಿಯೇ ಭಾಲ್ಕಿಯ ಅವನ ಗೆಳೆಯನು ತಾನೂ ಒಂದನ್ನು ಜೋಡಿಸಬೇಕೆಂದು ಹೊರಟನು. ಎಲ್ಲಿ ಕಡಿತಮಾಡಬೇಕೆಂಬ ಚರ್ಚೆಯು ನಡೆದು, ಪಟ್ಟಿಯು ನಮ್ಮ ಅಭಿಪ್ರಾಯಕ್ಕಾಗಿ ಬೀದರಕ್ಕೆ ಬಂದಿತು. ಯಾವ ಧೈರ್ಯದಿಂದ ಕಳುಹಿದರೋ ತಿಳಿಯದು. ರ್ಯಾಮನ್ನು ಸದ್ಯಕ್ಕೆ ಒಂದೇ ಕಡ್ಡಿಗೆ ಇಳಿಸಿದರೂ ಆದೀತೆಂದು ಬರೆದೆವು. ಪವರ್ ಸಪ್ಲೈಯ ಪಕ್ಕದಲ್ಲಿರುವ ಕೋಷ್ಟಕದ ಚಿತ್ರವನ್ನು ಕೊಳ್ಳುವುದಕ್ಕೆ ಮೊದಲು ಕಳುಹಬೇಕೆಂದೂ, ಮುಂದಿನ ದೊಡ್ಡಕ್ಷರಗಳ ಚಿತ್ರವು ಬೇಡವೆಂದೂ ಕೆಳಗೆ ಸೇರಿಸಿದೆವು.