ಜೆ. ಸಿ. ರಸ್ತೆಯೂ ಹಿಂದಿನ ಕೆಂಪು ದೀಪವೂ

ಬೆಂಗಳೂರಿನ ಚಾಮರಾಜಪೇಟೆಯು 1892ರಲ್ಲಿಯೂ, ಬಸವನಗುಡಿ ಮಲ್ಲೇಶ್ವರಗಳು ಪ್ಲೇಗಿನ ಹಾವಳಿಯಾದ 1898ರಲ್ಲಿಯೂ ರೂಪುಗೊಂಡ ಬಡಾವಣೆಗಳೆಂಬುದನ್ನು ವಾಚಕರು ಬಲ್ಲರು. ಅವುಗಳ ಬೀದಿಗಳನ್ನು ಹಾಕಿದವರ ಕಣ್ಣಮುಂದೆ ಇದ್ದವರು ಕಾಲ್ನಡೆಯ ಜನರು. ಇದ್ದ ವಾಹನಗಳು ಜಟಕಾ ಬಂಡಿಗಳು. ಇಂದು ಆ ಬೀದಿಗಳಲ್ಲಿಯೇ ಮೋಟಾರುಗಳು ಒಂದರ ಬೆನ್ನಿಗೊಂದು ಅಂಟಿಕೊಂಡಂತೆ ಸಾಗುತ್ತವೆ. ಮುಂದಿನವನು ನಿಲ್ಲಲಿರುವನೆಂಬುದನ್ನು ಹಿಂದಿನವನಿಗೆ ತಿಳಿಸುವುದು ಬ್ರೇಕನ್ನು ತುಳಿದಾಗ ಹೊತ್ತುವ ಕೆಂಪು ದೀಪ.

ಈ ದೀಪದ ಸ್ವಭಾವವೇ ವಿಚಿತ್ರವಾದುದು. ಮುಂದಣ ದೀಪ ಕೆಟ್ಟರೆ ಬಂಡಿ ನಡೆಸುವವನಿಗೇ ದಾರಿ ಕಾಣದು. ಹಿಂದಣ ದೀಪ ಕೆಟ್ಟರೆ ಅವನಿಗೆ ಏನೂ ತೋರದು. ಅಪಾಯವೆಲ್ಲವೂ ಹಿಂದೆ ಬರುವವನದು. ಬ್ಯೂಗಲ್ ರಾಕಿನ ಕಡೆಯಿಂದ ಇಳಿಯುವ ರಸ್ತೆಯಲ್ಲಿ ಬೆಳಗಿನ ಹೊತ್ತು ಎಷ್ಟೋ ತಂದೆಯರು ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಶಾಲೆಗೆ ಒಯ್ಯುತ್ತಾರೆ. ದೀಪವಿಲ್ಲದ ಬಂಡಿಯೊಂದು ಅವರೆದುರಿಗೆ ತಟಕ್ಕನೆ ನಿಂತರೆ ಆಗಬಹುದಾದುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಯ ಕಾರಿಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ವಯಸ್ಸಾಗಿದೆ. ಕಳೆದ ಮಾಘದಲ್ಲಿ ನೆರೆಮನೆಯವರು, “ಮೇಷ್ಟ್ರೇ, ತಾವು ಬ್ರೇಕು ಒತ್ತಿದರೆ ಹಿಂದೆ ದೀಪ ಹತ್ತುವುದೇ ಇಲ್ಲವಲ್ಲ!” ಎಂದರು. ಆ ಮಧ್ಯಾಹ್ನವೇ ಮಗನೊಡನೆ ಜಯಚಾಮರಾಜೇಂದ್ರ ರಸ್ತೆಗೆ ಹೊರಟೆನು. ನಿಧಾನಿಸಬೇಕಾದಲ್ಲೆಲ್ಲ ಅವನು ಹಳೆಯ ಪದ್ಧತಿಯಂತೆ ಬಲಗೈಯನ್ನು ಹೊರಚಾಚಿ ಮೇಲಕ್ಕೂ ಕೆಳಕ್ಕೂ ಆಡಿಸುತ್ತ ಬಂದನು.

ಮಿನರ್ವ ವೃತ್ತದ ಕಡೆಯಿಂದ ಹೋಗುವಾಗ ಈ ರಸ್ತೆಯಲ್ಲಿ ಎರಡು ಲೋಕಗಳು ಕಾಣುತ್ತವೆ. 1963ರಲ್ಲಿ ತೆರೆದ ರವೀಂದ್ರ ಕಲಾಕ್ಷೇತ್ರ, 1935ರ ಪುಟ್ಟಣ್ಣಚೆಟ್ಟಿ ಪುರಭವನ ಇವು ಒಂದು ಲೋಕ. ಬೇರಿಂಗು, ಬಲ್ಬು, ದೀಪದ ಗಾಜು, ತಂತಿಯ ಸುರುಳಿಗಳನ್ನು ಸೂರಿನವರೆಗೆ ಪೇರಿಸಿಟ್ಟ ಮೋಟಾರು ಬಿಡಿಭಾಗಗಳ ಅಂಗಡಿಸಾಲು ಇನ್ನೊಂದು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನಂಥ ಬಂಡಿಗಳ ಒಡೆಯರಿಗೆ ಇಂಥ ಬೀದಿಗಳೇ ಗತಿ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಮೊದಲು ಉರಿದ ಮಾರುಕಟ್ಟೆಯ ಪ್ರದೇಶವೂ ಇಲ್ಲಿಗೆ ಸಮೀಪವೇ.

ಪಕ್ಕದ ಓಣಿಯೊಂದರಲ್ಲಿ ಕೆಲಸಗಾರನೊಬ್ಬನು ಬಂಡಿಯನ್ನು ನೋಡಿದನು. ಎಡಬಲದ ಬಲ್ಬುಗಳೆರಡೂ ಒಮ್ಮೆಗೇ ಸುಡುವುದು ಅಪರೂಪವಾದುದರಿಂದ ಮೊದಲು ಫ್ಯೂಜನ್ನು ಪರೀಕ್ಷಿಸಿದನು, ಅದು ಸರಿಯಾಗಿತ್ತು. ಬಳಿಕ ಬ್ರೇಕಿನ ಪೆಡಲಿನ ಮೇಲ್ಭಾಗದಲ್ಲಿದ್ದ ಹೆಬ್ಬೆರಳ ಗಾತ್ರದ ಸ್ವಿಚ್ಚಿನಿಂದ ಎರಡು ತಂತಿಗಳನ್ನು ಬಿಡಿಸಿ, ತುಂಡುತಂತಿಯೊಂದರಿಂದ ಅವನ್ನು ಕೂಡಿಸಿದನು. ದೀಪಗಳು ಝಗ್ಗನೆ ಹೊತ್ತಿದವು! ಸ್ವಿಚ್ಚಿಗೆ ಮತ್ತೆ ಸೇರಿಸಿ ಪೆಡಲನ್ನು ತುಳಿದರೆ ಕತ್ತಲೆ. ಇದ್ದಾಗ ಇರುವುದನ್ನೂ ಇಲ್ಲದಾಗ ಇಲ್ಲವಾಗುವುದನ್ನೂ ನೋಡಿ ಕಾರಣವನ್ನು ನಿಶ್ಚಯಿಸುವ ಅನ್ವಯವ್ಯತಿರೇಕವನ್ನು ನಾವು ತರ್ಕಪಾಠದಲ್ಲಿ ಹೊಗೆ ಬೆಂಕಿಗಳ ದೃಷ್ಟಾಂತದಿಂದ ಕಲಿತೆವು. ಈತನು ಗೇಣುದ್ದದ ತಂತಿಯಿಂದ ಅದನ್ನು ಸಾಧಿಸಿದನು.

ಆ ಸ್ವಿಚ್ಚಿನ ಕ್ರಮ ಸರಳವಾದುದು. ಪೆಡಲು ತನ್ನ ಸ್ಥಾನದಲ್ಲಿರುವಾಗ ಅದು ಸ್ವಿಚ್ಚಿನ ಮೊಳೆಯನ್ನು ಒಳಕ್ಕೆ ಒತ್ತಿ ಹಿಡಿದಿರುತ್ತದೆ. ಆಗ ವಿದ್ಯುತ್ತಿನ ದಾರಿ ಕಡಿದಿರುತ್ತದೆ. ಪೆಡಲನ್ನು ತುಳಿದೊಡನೆ ಮೊಳೆ ಹೊರಬಂದು, ಒಳಗಿನ ಲೋಹದ ತುದಿಗಳು ಕೂಡಿ, ದೀಪ ಉರಿಯುತ್ತದೆ. ಅಂಬಾಸಿಡರಿನಂಥ ಹಳೆಯ ಬಂಡಿಗಳಲ್ಲಾದರೋ ಬ್ರೇಕಿನ ಎಣ್ಣೆಯ ಒತ್ತಡವೇ ಈ ಕೆಲಸವನ್ನು ಮಾಡುತ್ತದೆ. ನಮ್ಮ ಸ್ವಿಚ್ಚಿನಲ್ಲಿ ಲೋಹದ ತುದಿಗಳು ಸುಟ್ಟು ಕಪ್ಪಾಗಿದ್ದವು.

“ಇದನ್ನು ಉಜ್ಜಿ ಸರಿಮಾಡಲಾಗದೆ?” ಎಂದು ಕೇಳಿದೆನು.

“ಉಜ್ಜಿದರೆ ಇವತ್ತು ಹತ್ತುತ್ತೆ ಸಾರ್. ಮತ್ತೆ ಯಾವತ್ತು ಹತ್ತೋದಿಲ್ಲ ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಹಿಂದೆ ಬರೋನಿಗೆ ಗೊತ್ತಾಗುತ್ತೆ,” ಎಂದನು.

ಈ ಮಾತಿಗೆ ಪ್ರತ್ಯುತ್ತರವಿರಲಿಲ್ಲ. ಹೊಸ ಸ್ವಿಚ್ಚಿನ ಬೆಲೆ ನಾಲ್ವರ ತಿಂಡಿ ಕಾಫಿಯ ವೆಚ್ಚದಷ್ಟು. ಅದನ್ನು ತಿರುಗಿಸಿ ಕೂರಿಸುವುದರಲ್ಲಿಯೇ ಜಾಣ್ಮೆ: ಹೆಚ್ಚು ಒಳಸರಿದರೆ ಪೆಡಲು ಪೂರ್ತಿ ಹಿಂದಿರುಗದೆ ಬ್ರೇಕು ಹಿಡಿದುಕೊಂಡೇ ಇರುವುದು, ಹೆಚ್ಚು ಹೊರಗುಳಿದರೆ ದೀಪ ಸದಾ ಉರಿದು ಬ್ಯಾಟರಿ ಬರಿದಾಗುವುದು, ಹಿಂದಿನವನೂ ಅದನ್ನು ನಂಬದಾಗುವನು. ಪೆಡಲು ತುಸುವೇ ಕದಲಿದೊಡನೆ ಹೊತ್ತಿ, ಬಿಟ್ಟೊಡನೆ ಆರುವಂತೆ ಆತನು ನಾಲ್ಕಾರು ಸಲ ನೋಡಿ ನಟ್ಟನ್ನು ಬಿಗಿದನು.

ಗೃಹಸ್ಥರಾದ ವಾಚಕರು ತಿಂಗಳಿಗೊಮ್ಮೆ ಸಂಜೆಯ ಮಬ್ಬಿನಲ್ಲಿ ಬಂಡಿಯ ಹಿಂಭಾಗವನ್ನು ಗೋಡೆಗೆ ಸಮೀಪವಾಗಿ ನಿಲ್ಲಿಸಿ ಬ್ರೇಕನ್ನು ತುಳಿಯಲಿ. ಗೋಡೆಯ ಮೇಲೆ ಎರಡು ಕಡೆಯೂ ಕೆಂಪು ಬೆಳಕು ಬಿದ್ದರೆ ನಿಶ್ಚಿಂತೆ. ಮುಂದೆ ಹೋಗುವ ಬಂಡಿಯ ದೀಪ ಹೊತ್ತದಿರುವುದನ್ನು ಕಂಡರೆ, ವೃತ್ತದಲ್ಲಿ ನಿಂತಾಗ ಆ ಚಾಲಕನಿಗೆ ಒಂದು ಮಾತು ಹೇಳಬೇಕು. ತನ್ನ ಬೆನ್ನು ಯಾರಿಗೂ ಕಾಣದು. ಅದನ್ನು ಕಾಣಿಸುವ ಋಣ ನೆರೆಯವರದು.